ಕೂಗು ನಿಂತರೆ ಮರೆತಂತಲ್ಲ

"ಎರಡು ದಿನ ಕೂಗ್ತದೆ, ಆಮೇಲೆ ತಾನೇ ಮರೀತದೆ ಬಿಡಿ." ಎಳೆಗರುವನ್ನು ಬೇರೆ ಕಡೆ ಕಟ್ಟಿದ ರಾತ್ರಿ, ಕೊಟ್ಟಿಗೆಯಲ್ಲಿ ಸೀಮೆ ಹಸು ಬಿಡದೆ ಅರಚುತ್ತಿರುವಾಗ, ಚಿಕ್ಕಬಳ್ಳಾಪುರ ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ಕೇಳಬಹುದಾದ ಮಾತಿದು. ಹೇಳುವವರು ಕಲ್ಲೆದೆಯವರಲ್ಲ. ಬೆಳಗಿನ ಜಾವ ಎದ್ದು ಹಾಲು ಕರೆದು ಸಂಘಕ್ಕೆ ಹಾಕಬೇಕು, ಬಟವಾಡೆಯಾದಾಗ ಹಿಂಡಿ-ಬೂಸದ ಸಾಲ ತೀರಬೇಕು. ರಾತ್ರಿ ನಿದ್ದೆ ಮಾಡಲು ಅವರಿಗೂ ಒಂದು ಸಮಾಧಾನ ಬೇಕು.

ಓದಿದವರ ಬಾಯಲ್ಲಿ ಇದೇ ಮಾತು ಬೇರೆ ವೇಷ ತೊಡುತ್ತದೆ. ಅದು ಬರೀ ಸಹಜ ಪ್ರವೃತ್ತಿ, ಹಾರ್ಮೋನಿನ ಪ್ರಭಾವ. ಹಸುವಿಗೆ ದುಃಖ, ಹುಳುವಿಗೆ ನೋವು ಎನ್ನುವುದು ಮನುಷ್ಯ ತನ್ನ ಭಾವನೆಯನ್ನು ಪ್ರಾಣಿಯ ಮೇಲೆ ಹೇರುವ ಕೆಲಸ. ವಿಜ್ಞಾನ ಇದನ್ನೆಲ್ಲ ಒಪ್ಪುವುದಿಲ್ಲ. ಜಗಳ ಆಡಬೇಕಾದದ್ದು ಇವರ ಜೊತೆ. ರೈತ ತನ್ನ ಕಷ್ಟಕ್ಕೆ ಹೇಳಿಕೊಂಡ ಸಮಾಧಾನವನ್ನು ಇವರು ಸಿದ್ಧಾಂತ ಮಾಡಿದ್ದಾರೆ. ಆ ಸಿದ್ಧಾಂತಕ್ಕೆ ವಿಜ್ಞಾನದ ಹೆಸರು ಹಚ್ಚಿದ್ದಾರೆ. ಆ ಹೆಸರು ಅದಕ್ಕೆ ಸಲ್ಲುವುದಿಲ್ಲ.

ಅವಿಭಜಿತ ಕೋಲಾರವನ್ನು ಚಿನ್ನ, ಹಾಲು, ರೇಷ್ಮೆಯ ಜಿಲ್ಲೆ ಎನ್ನುತ್ತಿದ್ದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾದಾಗ ಚಿನ್ನದ ಹೆಸರು ಅತ್ತ ಉಳಿಯಿತು, ಹಾಲು ಮತ್ತು ರೇಷ್ಮೆ ಇತ್ತಲೂ ಬಂದವು. ನದಿ ನೀರಿಲ್ಲದ ಈ ನೆಲದಲ್ಲಿ ಲಕ್ಷಾಂತರ ಮನೆಗಳ ಒಲೆ ಉರಿಯುವುದು ಒಂದು ಹಸು ಮತ್ತು ಒಂದು ಹುಳುವಿನ ಮೇಲೆ. ಈ ಎರಡು ಜೀವಗಳ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ ಬೇರೆ ಕಡೆ ಬರೀ ಕುತೂಹಲದ್ದಿರಬಹುದು, ಇಲ್ಲಿ ಅದು ದಿನನಿತ್ಯದ್ದು.

'ವಿಜ್ಞಾನ ಒಪ್ಪುವುದಿಲ್ಲ' ಎಂಬುದು ಎಲ್ಲಿಂದ ಬಂತು? ಡಾರ್ವಿನ್ 1872ರಲ್ಲೇ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಮೇಲೆ ಇಡೀ ಪುಸ್ತಕ ಬರೆದಿದ್ದ. ಅವನಿಗೆ ಎರಡರ ನಡುವೆ ಗೋಡೆ ಕಾಣಲಿಲ್ಲ. 1894ರಲ್ಲಿ ಲಾಯ್ಡ್ ಮಾರ್ಗನ್ ಎಂಬ ಬ್ರಿಟಿಷ್ ಮನೋವಿಜ್ಞಾನಿ ಒಂದು ಎಚ್ಚರಿಕೆ ಕೊಟ್ಟ: ಪ್ರಾಣಿಯ ನಡವಳಿಕೆಯನ್ನು ಸರಳ ಕಾರಣದಿಂದ ವಿವರಿಸಲು ಸಾಧ್ಯವಾದರೆ ದೊಡ್ಡ ಕಾರಣಕ್ಕೆ ಕೈಹಾಕಬೇಡಿ. ಒಳ್ಳೆಯ ಎಚ್ಚರಿಕೆಯೇ. ಪ್ರಾಣಿಗಳಿಗೆ ಮನಸ್ಸಿಲ್ಲ ಎಂದು ಮಾರ್ಗನ್ ಹೇಳಿರಲಿಲ್ಲ. 1913ರಲ್ಲಿ ಅಮೆರಿಕದ ಜಾನ್ ವ್ಯಾಟ್ಸನ್ ಬಂದು, ಮನಸ್ಸಿನ ಮಾತೇ ಬೇಡ, ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಳೆಯೋಣ ಎಂದ. ಅದೂ ಕೆಲಸದ ಒಂದು ಕ್ರಮ, ಅಷ್ಟೆ. ಮುಂದಿನ ಅರ್ಧ ಶತಮಾನದಲ್ಲಿ ಆ ಕ್ರಮವೇ ತೀರ್ಮಾನವಾಯಿತು. 'ನಾವು ಅಳೆಯುವುದಿಲ್ಲ' ಎಂಬುದು 'ಅದು ಇಲ್ಲ' ಎಂದಾಯಿತು. ನಮ್ಮ ಪಠ್ಯಪುಸ್ತಕಗಳು, ಪಶುಪಾಲನೆಯ ಕೈಪಿಡಿಗಳು ಆ ಕಾಲದಲ್ಲೇ ನಿಂತುಬಿಟ್ಟಿವೆ. ಬಾವಲಿ ಶಬ್ದದ ಮರುದನಿಯಿಂದ ದಾರಿ ಕಂಡುಕೊಳ್ಳುತ್ತದೆಂದು ತೋರಿಸಿಕೊಟ್ಟ ಡೊನಾಲ್ಡ್ ಗ್ರಿಫಿನ್, 1976ರಲ್ಲಿ ಪ್ರಾಣಿಗಳ ಅರಿವಿನ ಪ್ರಶ್ನೆಯನ್ನು ಪುಸ್ತಕರೂಪದಲ್ಲಿ ಮತ್ತೆ ಎತ್ತಿದ ಮೇಲೆ ಪ್ರಯೋಗಾಲಯಗಳು ಮುಂದೆ ಹೋಗಿವೆ. 2012ರ ಜುಲೈನಲ್ಲಿ ಕೇಂಬ್ರಿಡ್ಜಿನಲ್ಲಿ ಸೇರಿದ ನರವಿಜ್ಞಾನಿಗಳು, ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಮನುಷ್ಯನೊಬ್ಬನ ಸೊತ್ತಲ್ಲ ಎಂದು ಸಹಿ ಹಾಕಿ ಘೋಷಿಸಿದರು.

'ಪ್ರಾಣಿಯ ಒಳಗನ್ನು ಯಾರು ನೋಡಿದ್ದಾರೆ?' ಎಂಬುದು ಇವರ ಮುಖ್ಯ ಅಸ್ತ್ರ. ಗೌರಿಬಿದನೂರಿನವರು ಈ ಪ್ರಶ್ನೆಗೆ ಹೆದರಬೇಕಿಲ್ಲ. ಅಲ್ಲಿ 1965ರಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲ ಇದೆ. ಸಾವಿರಾರು ಕಿಲೋಮೀಟರ್ ಆಚೆ ನೆಲದಡಿ ನಡೆದ ಪರಮಾಣು ಸ್ಫೋಟವನ್ನು ಅದು ಬಂಡೆಯ ಕಂಪನದಿಂದಲೇ ಗುರುತಿಸಿ, ಸ್ಫೋಟವೋ ಭೂಕಂಪವೋ ಎಂದು ಬೇರೆ ಮಾಡಿ ಹೇಳುತ್ತದೆ. ಆ ಸ್ಫೋಟವನ್ನು ಅಲ್ಲಿ ಯಾರೂ ಕಣ್ಣಾರೆ ನೋಡುವುದಿಲ್ಲ. ನೇರವಾಗಿ ಕಾಣದ್ದನ್ನು ಅದರ ಪರಿಣಾಮಗಳಿಂದ ತಿಳಿಯುವುದು ವಿಜ್ಞಾನದ ದಿನನಿತ್ಯದ ಕೆಲಸ. ಬಂಡೆಗೆ ಸಲ್ಲುವ ಈ ನ್ಯಾಯ ಹಸುವಿಗೆ ಮಾತ್ರ ಯಾಕೆ ಸಲ್ಲಬಾರದು?

ಹಸುವಿನ ವಿಷಯದಲ್ಲಂತೂ ಪರಿಣಾಮ ಕ್ಯಾನಿನಲ್ಲೇ ಅಳೆಯಲು ಸಿಗುತ್ತದೆ. ಕೆಚ್ಚಲು ಹಾಲು ತುಂಬಿಟ್ಟ ಚೀಲವಲ್ಲ. ಹಾಲಿನ ಬಹುಪಾಲು ಒಳಗಿನ ಸಣ್ಣ ಸಣ್ಣ ಕೋಶಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಕರು ಮೊಲೆಗೆ ಬಾಯಿ ಹಾಕಿದಾಗ, ಅಥವಾ ಪರಿಚಿತ ಕೈ ಕೆಚ್ಚಲು ತೊಳೆದು ಸವರಿದಾಗ, ಸುದ್ದಿ ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಬಿಡುತ್ತದೆ. ಅದು ರಕ್ತದಲ್ಲಿ ಹರಿದು ಬಂದು ಕೋಶಗಳನ್ನು ಹಿಂಡಿದಾಗ ಹಾಲು ಕೆಳಗಿಳಿಯುತ್ತದೆ. ಇದಕ್ಕೆ ಒಂದೆರಡು ನಿಮಿಷ ಬೇಕು. ಆ ಹೊತ್ತಿನಲ್ಲಿ ಹಸು ಬೆದರಿದರೆ ಹಾಲು ನಿಲ್ಲುತ್ತದೆ.

1941ರಲ್ಲಿ ಅಮೆರಿಕದ ಹೈನು ವಿಜ್ಞಾನಿಗಳಾದ ಈಲಿ ಮತ್ತು ಪೀಟರ್ಸನ್ ಇದನ್ನು ಪರೀಕ್ಷಿಸಿದ ಬಗೆ ಒರಟಾದದ್ದು, ಆದರೆ ಫಲಿತಾಂಶದಲ್ಲಿ ಗೊಂದಲವಿಲ್ಲ. ಹಾಲು ಕರೆಯುವ ಹೊತ್ತಿನಲ್ಲಿ ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿದರು, ಪಕ್ಕದಲ್ಲಿ ಕಾಗದದ ಚೀಲ ಊದಿ ಒಡೆದರು. ಹಸು ಹಾಲು ಬಿಡಲಿಲ್ಲ. ಅಡ್ರಿನಲಿನ್ ಚುಚ್ಚಿದಾಗಲೂ ಬಿಡಲಿಲ್ಲ. ಕೆಚ್ಚಲಿಗೆ ಏನೂ ಆಗಿರಲಿಲ್ಲ, ಮೇವು ಬದಲಾಗಿರಲಿಲ್ಲ. ಬದಲಾದದ್ದು ಹಸುವಿನ ಮನಃಸ್ಥಿತಿ ಮಾತ್ರ. 1999ರಲ್ಲಿ ಜೆಫ್ ರಶನ್ ಮತ್ತು ಸಂಗಡಿಗರು ಇನ್ನಷ್ಟು ಸೂಕ್ಷ್ಮವಾಗಿ ನೋಡಿದರು. ಹಸುಗಳಿಗೆ ಇಬ್ಬರನ್ನು ಪರಿಚಯಿಸಿದರು: ಒಬ್ಬರು ಮೃದುವಾಗಿ ನಡೆಸಿಕೊಳ್ಳುವವರು, ಇನ್ನೊಬ್ಬರು ಒರಟರು. ಆಮೇಲೆ ಹಾಲು ಕರೆಯುವಾಗ ಒರಟು ಮನುಷ್ಯ ಸುಮ್ಮನೆ ಹತ್ತಿರ ಬಂದು ನಿಂತರೂ ಸಾಕಾಯಿತು. ಮುಟ್ಟಲಿಲ್ಲ, ಗದರಲಿಲ್ಲ; ಆದರೂ ಕೆಚ್ಚಲಲ್ಲಿ ಉಳಿದುಹೋದ ಹಾಲು ಸುಮಾರು ಶೇ. 70ರಷ್ಟು ಹೆಚ್ಚಾಯಿತು. ಹಸು ಆ ಮುಖವನ್ನು ನೆನಪಿಟ್ಟಿತ್ತು.

ಕೊನೆಗೆ ಉಳಿಯುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಸಂಘದಲ್ಲಿ ಫ್ಯಾಟ್ ನೋಡಿ ದರ ಕಟ್ಟುವ ಯಂತ್ರ ಆ ಬೆಳಿಗ್ಗೆ ಕಡಿಮೆ ಅಂಕಿ ತೋರಿಸಿದರೆ, ಅದು ಹಿಂಡಿಯ ಲೋಪವೇ ಆಗಿರಬೇಕೆಂದಿಲ್ಲ. ಹಿಂದಿನ ಸಂಜೆ ಬಿದ್ದ ಕೋಲಿನ ಏಟೂ ಆಗಿರಬಹುದು. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2009ರಲ್ಲಿ ಐನೂರಕ್ಕೂ ಹೆಚ್ಚು ಹೈನುಗಾರರನ್ನು ವಿಚಾರಿಸಿದಾಗ, ಹಸುವನ್ನು ಹೆಸರಿಟ್ಟು ಕರೆಯುವ ಕಡೆ ವರ್ಷಕ್ಕೆ 258 ಲೀಟರ್ ಹಾಲು ಹೆಚ್ಚು ಸಿಗುತ್ತಿತ್ತು. ಹೆಸರೇ ಹಾಲು ತಂದಿತೆಂದಲ್ಲ. ಹೆಸರಿಡುವವರು ಹಸುವಿನ ಮೇಲೆ ನಿಗಾ ಇಡುವವರೂ ಆಗಿರುತ್ತಾರೆ. ನಮ್ಮ ಕೊಟ್ಟಿಗೆಗಳಲ್ಲಿ ಗೌರಿ, ಕೆಂಪಿ, ಲಕ್ಷ್ಮಿ ಎಂದಿದ್ದ ಜಾಗದಲ್ಲಿ ಈಗ ಹನ್ನೆರಡು ಅಂಕಿಯ ಹಳದಿ ಕಿವಿಬಿಲ್ಲೆ ಇದೆ. ರೋಗ ನಿಯಂತ್ರಣಕ್ಕೆ ಬಿಲ್ಲೆ ಬೇಕು. ಅದು ಬಂತೆಂದು ಹೆಸರು ಹೋಗಬೇಕಾಗಿರಲಿಲ್ಲ.

ಭಾವನೆ ಇಲ್ಲ ಎನ್ನುವವರು ಉತ್ತರಿಸಬೇಕಾದ ಒಂದು ವಸ್ತು ಹಿಂದೆ ಊರೂರಲ್ಲೂ ಇತ್ತು: ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿದ ಬೊಂಬೆ. ಕಾಲಿನ ಜಾಗದಲ್ಲಿ ಕಡ್ಡಿ, ಕಣ್ಣಿನ ಜಾಗದಲ್ಲಿ ತೂತು. ಹಾಲು ಕರೆಯುವ ಹೊತ್ತಿಗೆ ಅದನ್ನು ತಂದು ತಾಯಿಯ ಮೂತಿಯ ಹತ್ತಿರ ಇಡುತ್ತಿದ್ದರು. ಹಸು ಆ ತೊಗಲನ್ನು ಮೂಸಿ, ನೆಕ್ಕಿ, ಹಾಲು ಇಳಿಸುತ್ತಿತ್ತು. ಹಸುವಿಗೆ ಕರುವಿನ ಹಂಬಲ ಇದೆ ಎಂದು ಗೊತ್ತಿದ್ದೇ ಈ ಉಪಾಯ ಹುಟ್ಟಿತು. ಹಂಬಲವನ್ನು ಬಳಸಿಕೊಂಡು ಹಾಲು ಪಡೆದು, ಆಮೇಲೆ ಹಂಬಲವೇ ಇಲ್ಲ ಎನ್ನುವುದು ಯಾವ ತರ್ಕ?

ಬೊಂಬೆಯ ಜಾಗಕ್ಕೆ ಮುಂದೆ ಸೂಜಿ ಬಂತು. ಕರುವನ್ನು ಕಳೆದುಕೊಂಡ, ಕೈ ಬದಲಾದ, ಬೆದರಿದ ಹಸುವಿಗೆ ಆಕ್ಸಿಟೋಸಿನ್ ಚುಚ್ಚಿದರೆ ಮನಸ್ಸು ಒಪ್ಪದಿದ್ದರೂ ಕೆಚ್ಚಲು ಒಪ್ಪುತ್ತದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 12ನೇ ಕಲಂ, ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂತೆ ಚುಚ್ಚುಮದ್ದು ಕೊಟ್ಟು ಹಾಲು ಹೆಚ್ಚಿಸುವುದನ್ನು ಅಪರಾಧ ಎನ್ನುತ್ತದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಈ ಔಷಧ ತಯಾರಿಸುವುದನ್ನೇ ನಿಷೇಧಿಸಿ, ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ಅನುಮತಿ ಕೊಟ್ಟಿತು. ಹೆರಿಗೆಯ ರಕ್ತಸ್ರಾವ ನಿಲ್ಲಿಸಲು ತಾಯಂದಿರಿಗೂ ಇದೇ ಔಷಧ ಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಈ ಹಗ್ಗಜಗ್ಗಾಟದಲ್ಲಿ ಒಂದು ಅಂಶ ಯಾರ ಗಮನಕ್ಕೂ ಬರಲಿಲ್ಲ. ತಾಯಿ ಮಗುವಿನ ಬಾಂಧವ್ಯದ ಹಾರ್ಮೋನು ಎಂದು ಮನುಷ್ಯರಲ್ಲಿ ಕೊಂಡಾಡುವುದೂ ಇದನ್ನೇ. ಹೆಂಗಸಿನಲ್ಲಿ ಅದು ಮಮತೆ, ಹಸುವಿನಲ್ಲಿ ಬರೀ ರಸಾಯನ ಎನ್ನುವುದಕ್ಕೆ ಅಣುವಿನ ರಚನೆಯಲ್ಲಿ ಯಾವ ಆಧಾರವೂ ಇಲ್ಲ. ಎರಡೂ ಒಂದೇ ಅಣು.

ಇನ್ನು ಕರುವಿನ ಮಾತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕರುಗಳಿಗೆ ಪರದೆಯ ಬಣ್ಣ ಗುರುತಿಸಲು ಕಲಿಸಿದರು. ಒಂದು ಬಣ್ಣ ಕಂಡಾಗ ಮುಟ್ಟಿದರೆ ಹಾಲು, ಇನ್ನೊಂದು ಕಂಡಾಗ ಮುಟ್ಟಿದರೆ ಇಲ್ಲ. ಆಮೇಲೆ ಎರಡರ ನಡುವಿನ ಅಸ್ಪಷ್ಟ ಬಣ್ಣ ತೋರಿಸಿದರು. ಮನಸ್ಸು ನೆಟ್ಟಗಿದ್ದ ಕರು 'ಸಿಕ್ಕರೂ ಸಿಗಬಹುದು' ಎಂಬಂತೆ ಮುಂದೆ ಬರುತ್ತಿತ್ತು. ತಾಯಿಯಿಂದ ಬೇರ್ಪಡಿಸಿದ ಮೇಲೆ ಅದೇ ಕರುಗಳು ಆ ಬಣ್ಣದ ಹತ್ತಿರ ಬರುವುದನ್ನು ಕಡಿಮೆ ಮಾಡಿದವು. ಕಾದ ಕಬ್ಬಿಣದಿಂದ ಕೊಂಬಿನ ಮೊಳಕೆ ಸುಟ್ಟ ಮೇಲೂ ಹೀಗೇ ಆಯಿತು. ಕುಗ್ಗಿದ ಮನುಷ್ಯ ಅರ್ಧ ತುಂಬಿದ ಲೋಟವನ್ನು ಖಾಲಿ ಎನ್ನುವುದನ್ನು ಅಳೆಯುವ ಪರೀಕ್ಷೆಯೂ ಇದೇ ಬಗೆಯದು. 2014ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಸಹಜ ಪ್ರವೃತ್ತಿ ಎಂಬ ಒಂದೇ ಪದದ ಉತ್ತರ ಸಾಲದು.

ಎರಡು ದಿನ ಕಳೆದು ಕೂಗು ನಿಂತರೆ ಮರೆತಂತೆ ಎನ್ನುವವರು ಆಡುಗಳ ಮೇಲಿನ ಕೆಲಸ ನೋಡಬೇಕು. ಏಳು ತಿಂಗಳಿಗೂ ಮೀರಿ ಬೇರೆಯಾಗಿದ್ದ ಮರಿಗಳ ಹಳೆಯ ಕೂಗನ್ನು ಧ್ವನಿಮುದ್ರಿಕೆಯಲ್ಲಿ ಕೇಳಿಸಿದಾಗ ತಾಯಿ ಆಡುಗಳು ಗುರುತಿಸಿದವು ಎಂದು 2012ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದರು. ಅದೇ ತಂಡದಲ್ಲಿದ್ದವರು ಹಸುಗಳನ್ನೂ ಆಲಿಸಿದ್ದಾರೆ: ಕರು ಹತ್ತಿರ ಇದ್ದಾಗ ತಗ್ಗು ದನಿ, ಕಣ್ಣಿಗೆ ಕಾಣದಿದ್ದಾಗ ಏರು ದನಿ, ಒಂದೊಂದು ಹಸುವಿಗೂ ತನ್ನದೇ ಕೂಗು. ಕೊಟ್ಟಿಗೆಯಲ್ಲಿ ಬಾಳಿದ ಅಜ್ಜಿಯರಿಗೆ ಇದು ಹೊಸದೇನಲ್ಲ. ಕತ್ತಲಲ್ಲಿ ಕೂಗಿದ್ದು ಯಾವ ಹಸು, ಯಾತಕ್ಕೆ ಕೂಗಿತು ಎಂದು ಮಲಗಿದಲ್ಲಿಂದಲೇ ಅವರು ಹೇಳುತ್ತಿದ್ದರು. ಆ ಅರಿವನ್ನು ಮೂಢನಂಬಿಕೆಯ ಪಟ್ಟಿಗೆ ತಳ್ಳಿದ್ದು ಅರೆಬೆಂದ ವಿಚಾರವಾದ.

ವಿಚಾರವಾದದ ಮಾತು ಬಂದಾಗ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ನೆನೆಯದೆ ಮುಂದೆ ಹೋಗಲಾಗದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದವರು ಅವರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಒಂದು ತಲೆಮಾರಿಗೇ ಕಲಿಸಿದರು. ಆ ಪಾಠ ನಂಬಿಕೆಗೆ ಹೇಗೆ ಅನ್ವಯಿಸುತ್ತದೋ ನಿರಾಕರಣೆಗೂ ಹಾಗೇ ಅನ್ವಯಿಸುತ್ತದೆ. ಪರೀಕ್ಷೆ ಮಾಡದೆ 'ಇದೆ' ಎನ್ನುವುದು ತಪ್ಪಾದರೆ, ಪರೀಕ್ಷೆಗಳ ಫಲಿತಾಂಶ ಎದುರಿಗಿದ್ದರೂ 'ಇಲ್ಲ' ಎನ್ನುವುದು ಇನ್ನೂ ದೊಡ್ಡ ತಪ್ಪು.

ಪ್ರತಿವಾದಿಗಳು ಕ್ಲೆವರ್ ಹ್ಯಾನ್ಸ್ ಎಂಬ ಜರ್ಮನ್ ಕುದುರೆಯನ್ನು ಎಳೆದು ತರುತ್ತಾರೆ. ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿದ್ದ ಆ ಕುದುರೆ, ಎದುರಿಗಿದ್ದವರ ಚಹರೆ ನೋಡಿ ಬಡಿಯುವುದನ್ನು ನಿಲ್ಲಿಸುತ್ತಿತ್ತು ಎಂದು 1907ರಲ್ಲಿ ಓಸ್ಕರ್ ಫುಂಗ್‌ಸ್ಟ್ ಪತ್ತೆ ಹಚ್ಚಿದ. ಸರಿ, ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ. ಆದರೆ ಪ್ರಶ್ನೆ ಕೇಳಿದವರಿಗೇ ಗೊತ್ತಾಗದಂತೆ ಅವರ ತಲೆ ಕೂದಲೆಳೆಯಷ್ಟು ಅಲುಗಿದ್ದನ್ನು ಅದು ಓದುತ್ತಿತ್ತು. ಮನುಷ್ಯ ಹಾಕಿದ ಪರೀಕ್ಷೆಯಲ್ಲಿ ಅದು ಸೋತಿತು. ಮನುಷ್ಯನನ್ನು ಅರಿಯುವ ಪರೀಕ್ಷೆಯಲ್ಲಿ ಅಲ್ಲಿದ್ದ ಎಲ್ಲರಿಗಿಂತ ಮುಂದಿತ್ತು. ನಂದಿಬೆಟ್ಟದ ಕೋತಿಗಳನ್ನು ಬರೀ ಕಳ್ಳರೆಂದು ಓಡಿಸುವವರೂ ಇದನ್ನು ಯೋಚಿಸಬೇಕು. ಅದೇ ಜಾತಿಯ ಕೋತಿಗಳು ಬಂಡೀಪುರದಲ್ಲಿ ಪ್ರವಾಸಿಗರ ಮುಂದೆ ಕೈ ಚಾಚಿ, ವಿಶೇಷವಾದ ಮೆಲುದನಿ ಹೊರಡಿಸಿ, ಎದುರಿನವರು ತಮ್ಮತ್ತ ನೋಡುತ್ತಿದ್ದಾರೆಯೇ ಎಂದು ಗಮನಿಸಿ ತಿಂಡಿ ಕೇಳುವುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ದಾಖಲಿಸಿದ್ದಾರೆ.

'ನಾವು ಗೋವನ್ನು ಪೂಜಿಸುವವರು, ನಮಗೆ ಪಾಠ ಬೇಡ' ಎನ್ನುವ ಇನ್ನೊಂದು ಗುಂಪಿದೆ. ಪೂಜೆಯೇ ಬೇರೆ, ಗಮನವೇ ಬೇರೆ. ಹಳೆ ಮೈಸೂರು ಭಾಗದಲ್ಲಿ ಸಂಕ್ರಾಂತಿಯ ಸಂಜೆ ಕೊಂಬಿಗೆ ಬಣ್ಣ ಬಳಿದು, ಹಾರ ಹಾಕಿ, ಆರತಿ ಎತ್ತಿ, ಆಮೇಲೆ ಉರಿಯುವ ಹುಲ್ಲಿನ ಮೇಲೆ ಕಿಚ್ಚು ಹಾಯಿಸುತ್ತಾರೆ. ಬೆಂಕಿಯ ಎದುರು ಆ ಪ್ರಾಣಿಯ ಕಣ್ಣಿನ ಬಿಳಿ ಗುಡ್ಡೆ ಎಷ್ಟು ಅಗಲ ಕಾಣುತ್ತದೆಂದು ಪೂಜಿಸಿದವರು ನೋಡುವುದಿಲ್ಲ. ಭಯಗೊಂಡ ದನಗಳಲ್ಲಿ ಕಣ್ಣಿನ ಬಿಳಿ ಹೆಚ್ಚು ಕಾಣುವುದು ಅಳತೆಗೆ ಸಿಕ್ಕ ಸಂಗತಿ. ಸೀಮೆ ಹಸುವಿಗೆ ಹುಟ್ಟಿದ ಗಂಡುಕರು ಉಳುಮೆಗೂ ಬೇಡ, ಹಾಲಿಗೂ ಇಲ್ಲ. ಅದರ ಪಾಲಿಗೆ ಪೂಜೆಯೂ ಬರುವುದಿಲ್ಲ, ಹೊಟ್ಟೆ ತುಂಬ ಹಾಲೂ ಬರುವುದಿಲ್ಲ.

ಹಸುವಿನವರೆಗೆ ಒಪ್ಪಿಕೊಂಡವರೂ ಶಿಡ್ಲಘಟ್ಟಕ್ಕೆ ಬಂದಾಗ ನಿಲ್ಲುತ್ತಾರೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡು ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಒಂದು ಕಿಲೋ ಗೂಡೆಂದರೆ ಐದಾರು ನೂರು ಜೀವ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೋ ಗೂಡು. ಚಿಟ್ಟೆ ಗೂಡು ಕೊರೆದು ಹೊರಬರುವ ಮುಂಚೆ ಪ್ಯೂಪಾವನ್ನು ಆವಿಗೋ ಬಿಸಿಗಾಳಿಗೋ ಬಿಸಿಲಿಗೋ ಒಡ್ಡಿ ಕೊಂದು, ಆಮೇಲೆ ಬೇಯಿಸಿ ನೂಲು ಬಿಚ್ಚುತ್ತಾರೆ. 'ಹುಳುವಿಗೆ ಏನು ಗೊತ್ತು?' ಎಂಬುದು ಇಲ್ಲಿನ ಮಾತು.

ಹುಳುವಿಗೆ ಏನು ಗೊತ್ತೆಂದು ಸಾಕುವವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳುವನ್ನು ಅವರು ಅಲುಗಿಸುವುದಿಲ್ಲ. ಹುಳುಮನೆಗೆ ಕಟುವಾಸನೆ ತರಲು ಬಿಡುವುದಿಲ್ಲ. ಸೊಪ್ಪು ಹಾಕಿದಾಗ ಹತ್ತಿರ ಬಗ್ಗಿ ನೋಡಿದರೆ, ಹುಳು ಎಲೆಯ ಅಂಚನ್ನು ಬಾಯಿಯ ಪಕ್ಕದ ಪುಟ್ಟ ಅಂಗಗಳಿಂದ ಮುಟ್ಟಿ ಮುಟ್ಟಿ ನೋಡುತ್ತದೆ, ಒಂದು ಚೂರು ಕಚ್ಚಿ ರುಚಿ ಪರೀಕ್ಷಿಸುತ್ತದೆ, ಹಿಪ್ಪುನೇರಳೆಯೇ ಎಂದು ಖಾತ್ರಿಯಾದ ಮೇಲೆ ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸುತ್ತ ಮೇಯಲು ಶುರುಮಾಡುತ್ತದೆ. ಪ್ರಾಣಿಗಳ ನಡುವಿನ ರಾಸಾಯನಿಕ ಸಂವಹನದ ವಿಜ್ಞಾನ ಆರಂಭವಾದದ್ದೇ ಈ ಜೀವಿಯಿಂದ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಎರಡು ದಶಕ ದುಡಿದು, ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂ ವಸ್ತು ತೆಗೆದು, 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟ. ಜಗತ್ತಿನಲ್ಲಿ ಮೊದಲು ಗುರುತಿಸಿದ ಫೆರೊಮೋನ್ ಅದು. ಅದರ ಒಂದೇ ಒಂದು ಅಣು ಗಂಡು ಚಿಟ್ಟೆಯ ಮೀಸೆಗೆ ತಾಗಿದರೂ ನರದಲ್ಲಿ ಮಿಡಿತ ಏಳುತ್ತದೆ.

ಇದು ಸಂವೇದನೆ, ಭಾವನೆ ಅಲ್ಲ ಎಂದು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪ. ಮುಂದಿನ ಸಾಕ್ಷ್ಯ ನೋಡಿ. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ, ರೇಷ್ಮೆ ಹುಳುವಿನ ಬಳಗಕ್ಕೇ ಸೇರಿದ ತಂಬಾಕಿನ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಹುಳು ಪ್ಯೂಪಾ ಆಯಿತು, ಚಿಟ್ಟೆಯಾಗಿ ಹೊರಬಂತು. ಆಗಲೂ ಆ ವಾಸನೆಯಿಂದ ದೂರ ಸರಿಯಿತು. ಕೊನೆಯ ಹಂತದಲ್ಲಿ, ಅಂದರೆ ಐದನೇ ಹಂತದಲ್ಲಿ, ಕಲಿತ ಹುಳುಗಳಲ್ಲಿ ನೆನಪು ಉಳಿದಿತ್ತು ಎಂದು 2008ರ ಆ ಅಧ್ಯಯನ ಹೇಳುತ್ತದೆ. ಗೂಡಿನೊಳಗಿರುವುದು ಬರೀ ಕರಗಿದ ಲೋಳೆ ಎಂಬ ಹಳೆಯ ಕಲ್ಪನೆ ಅಲ್ಲಿಗೆ ಮುಗಿಯಿತು. 2022ರಲ್ಲಿ ಮಟಿಲ್ಡಾ ಗಿಬ್ಬನ್ಸ್, ಲಾರ್ಸ್ ಚಿಟ್ಕಾ ಮತ್ತಿತರರು ಕೀಟಗಳ ನೋವಿನ ಬಗೆಗಿನ ಸಂಶೋಧನೆಗಳನ್ನೆಲ್ಲ ಎಂಟು ಮಾನದಂಡಗಳಿಗೆ ಹಿಡಿದು ನೋಡಿದರು. ನೊಣ, ಜಿರಲೆಗಳ ಗುಂಪುಗಳಲ್ಲಿ ಸಾಕ್ಷ್ಯ ಬಲವಾಗಿತ್ತು. ಚಿಟ್ಟೆ-ಪತಂಗಗಳ ಮರಿಹುಳುಗಳಲ್ಲಿ ಪರೀಕ್ಷೆಯೇ ಕಡಿಮೆ ನಡೆದಿತ್ತು. ಆದರೆ ಯಾವ ಕೀಟವೂ ಯಾವ ಮಾನದಂಡದಲ್ಲೂ ಖಚಿತವಾಗಿ ವಿಫಲವಾಗಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಹೊರಟ ಘೋಷಣೆ, ಕೀಟಗಳಿಗೂ ಪ್ರಜ್ಞೆ ಇರುವ ನೈಜ ಸಾಧ್ಯತೆಯನ್ನು ತಳ್ಳಿಹಾಕುವುದು ಬೇಜವಾಬ್ದಾರಿ ಎಂದಿತು. ರೇಷ್ಮೆ ಹುಳುವಿಗೆ ನೋವಿದೆ ಎಂದು ಇಂದು ಆಣೆ ಮಾಡಿ ಹೇಳಲಾಗದು. ಇಲ್ಲ ಎಂದು ಆಣೆ ಮಾಡುವವರ ಕೈಯಲ್ಲಂತೂ ಏನೂ ಇಲ್ಲ.

'ಹಾಗಾದರೆ ಮಾರುಕಟ್ಟೆ ಮುಚ್ಚೋಣವೇ, ಹಸು ಮಾರೋಣವೇ?' ಎಂಬುದು ಮಾತು ಮುರಿಯಲು ಕೇಳುವ ಪ್ರಶ್ನೆ. ಚಿಂತಾಮಣಿ, ಶಿಡ್ಲಘಟ್ಟದ ಸಾಲಗಾರ ರೈತನನ್ನು ಅಡ್ಡ ನಿಲ್ಲಿಸಿ ಸತ್ಯ ಮುಚ್ಚಿಡುವುದು ಆ ರೈತನಿಗೂ ಮಾಡುವ ಅನ್ಯಾಯ. ಹಾಲಿನಲ್ಲಿ ಬೇಕಾದ ಬದಲಾವಣೆಗಳಲ್ಲಿ ಹಲವಕ್ಕೆ ದುಡ್ಡೇ ಬೇಡ. ಹಾಲು ಕರೆಯುವ ಹೊತ್ತಿನಲ್ಲಿ ಕೋಲು, ಗದರು ಬೇಡ. ಆದಷ್ಟು ಒಂದೇ ಕೈ ಕರೆಯಲಿ. ಕರು ತಾಯಿಯ ಕಣ್ಣಿಗೆ ಬೀಳುವಷ್ಟು ದೂರದಲ್ಲಿರಲಿ. ಕೊಂಬು ಸುಡುವ ಮುಂಚೆ ಮರಗಟ್ಟುವ ಚುಚ್ಚುಮದ್ದು ಕೊಡಲಿ. ಸಂಘಗಳು ಹಿಂಡಿಯ ಬಗ್ಗೆ ತರಬೇತಿ ಕೊಡುವಾಗ ಇದನ್ನೂ ಹೇಳಿಕೊಡಬಹುದು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬರುವ ವೈದ್ಯರು ಹಸುವಿನ ಕಿವಿ, ಕಣ್ಣು, ದನಿ ಓದಲು ಕಲಿಸಬಹುದು.

ರೇಷ್ಮೆಯಲ್ಲಿ ಮೊದಲು ನಿಲ್ಲಬೇಕಾದದ್ದು ಗೂಡನ್ನು ಬಿಸಿಲಿಗೆ ಹರಡಿ ದಿನಗಟ್ಟಲೆ ಒಣಗಿಸಿ ಕೊಲ್ಲುವ ಪದ್ಧತಿ. ಬಿಸಿಲು ಎಳೆಯನ್ನೂ ಹಾಳುಮಾಡುತ್ತದೆ, ಆದ್ದರಿಂದ ಬಿಸಿಗಾಳಿ ಒಲೆಗಳಿಗೆ ಸಹಾಯಧನ ಕೊಟ್ಟರೆ ರೀಲರುಗಳಿಗೆ ನಷ್ಟವಿಲ್ಲ. ಆವಿ, ಬಿಸಿಗಾಳಿ, ಶೀತ — ಇವುಗಳಲ್ಲಿ ಯಾವುದರಲ್ಲಿ ಪ್ಯೂಪಾ ಬೇಗ ಸಾಯುತ್ತದೆ, ಸಾಯುವವರೆಗೆ ಅದರ ನರಮಂಡಲದಲ್ಲಿ ಏನಾಗುತ್ತದೆ ಎಂದು ಅಳೆಯಲು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಗಿಂತ, ಚಿಂತಾಮಣಿ ಬಳಿಯ ಕುರುಬೂರಿನ ಕಾಲೇಜಿಗಿಂತ ಸರಿಯಾದ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ. ಹುಳುವೂ ಅಲ್ಲೇ ಇದೆ, ಸೊಪ್ಪೂ ಅಲ್ಲೇ ಇದೆ, ಓದುವ ಹುಡುಗ ಹುಡುಗಿಯರಲ್ಲಿ ಅನೇಕರು ಹುಳುಮನೆಯಲ್ಲೇ ಬೆಳೆದವರು. ಆ ಪ್ರಯೋಗವನ್ನು ಅವರು ಇದೇ ವರ್ಷ ಶುರುಮಾಡಬಹುದು.